ಕ್ರಿಯಾ ಯೋಜನೆಗೆ ಇನ್ನೊಂದು ಕಲಂ ಬೇಕು: ಅಲ್ಲಿಂದ ಮುಂದೆ ಎಲ್ಲಿಗೆ?

ಸಂಪಾದಕರಿಗೆ,

ಮಾನ್ಯರೆ,

ಗ್ರಾಮ ಪಂಚಾಯಿತಿಗಳ ವಾರ್ಷಿಕ ಕ್ರಿಯಾ ಯೋಜನೆಯ ಪಟ್ಟಿ ತೆರೆದರೆ ಹೆಚ್ಚಿನ ಸಾಲುಗಳು ಒಂದೇ ಅಚ್ಚಿನವು. ‘ಇಂಥವರ ಮನೆಯಿಂದ ಮಾರಮ್ಮನ ಗುಡಿವರೆಗೆ ಬಾಕ್ಸ್ ಚರಂಡಿ ನಿರ್ಮಾಣ’, ‘ಹಾಲಿನ ಡೇರಿಯಿಂದ ಇಂಥವರ ಮನೆವರೆಗೆ ಸಿ.ಸಿ. ರಸ್ತೆ ಮತ್ತು ಚರಂಡಿ’. ಎಲ್ಲಿಂದ ಎಂಬುದು ಇದೆ, ಎಲ್ಲಿವರೆಗೆ ಎಂಬುದೂ ಇದೆ. ಮಾರಮ್ಮನ ಗುಡಿ ದಾಟಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕು ಎಂಬುದು ಯಾವ ಕಲಂನಲ್ಲೂ ಇಲ್ಲ.

ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ನಾಲಾ ಬಯಲಿನ ಊರುಗಳಲ್ಲಿ ಗುಡಿಯಿಂದಾಚೆ ಐವತ್ತು ಹೆಜ್ಜೆ ಹಾಕಿದರೆ ಉತ್ತರ ಸಿಗುತ್ತದೆ. ಕಾಂಕ್ರೀಟ್ ಚರಂಡಿ ಕಬ್ಬಿನ ಗದ್ದೆಯ ಬದುವಿನ ಹತ್ತಿರ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಕೆಳಗೆ ಕಪ್ಪು ಕೆಸರು, ಅದರಲ್ಲಿ ಸಿಕ್ಕಿಕೊಂಡ ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಮೇಲೆ ಸೋಪಿನ ನೊರೆ. ಗದ್ದೆಯವರು ಮರಳು ಚೀಲ ಅಡ್ಡ ಒಟ್ಟಿ ಮಣ್ಣು ಮೆತ್ತಿರುತ್ತಾರೆ. ನೀರು ಹಿಂದಕ್ಕೆ ಮಡುಗಟ್ಟಿ ಕೊನೆಯ ಮೂರ್ನಾಲ್ಕು ಮನೆಗಳ ಜಗಲಿ ಕೆಳಗೆ ನಿಲ್ಲುತ್ತದೆ. ಊರಿನ ತಗ್ಗಿನ ತುದಿಯಲ್ಲಿ ಮನೆ ಕಟ್ಟಿಕೊಂಡವರು ಯಾರೆಂದು ಈ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಪಂಚಾಯಿತಿಗಳಿಗಾಗಿ 9 ವಿಷಯಗಳಾಗಿ ಜೋಡಿಸಿ ಕೊಟ್ಟಿದ್ದಾರೆ. ನೀರು ಸಾಕಷ್ಟಿರುವ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ ಎಂಬ ಎರಡು ಅದರಲ್ಲಿವೆ. ಪಂಚಾಯಿತಿ ಒಂದು ವಿಷಯ ಆರಿಸಿಕೊಂಡು ಸಂಕಲ್ಪ ಮಾಡಿ ಇ-ಗ್ರಾಮಸ್ವರಾಜ್ ಪೋರ್ಟಲ್‌ಗೆ ಏರಿಸಬೇಕು. ಏರಿಸುತ್ತಾರೆ. ಸಂಕಲ್ಪ ಒಂದು ಕಡೆ ಇರುತ್ತದೆ, ಕಾಮಗಾರಿ ಪಟ್ಟಿ ಅದೇ ಹಳೆ ಬಾಕ್ಸ್ ಚರಂಡಿ. ನಮ್ಮ ಮಾತು ಇಷ್ಟೇ: ಊರಿನ ಯೋಜನೆಯನ್ನು ಚರಂಡಿಯ ಬಾಲದಿಂದ, ಅಂದರೆ ನೀರು ಹೊರಬೀಳುವ ತುದಿಯಿಂದ, ಬರೆಯಲು ಶುರು ಮಾಡಿ. ಬಾಲಕ್ಕೆ ಜಾಗ, ಮಟ್ಟ, ಒಪ್ಪಿಗೆ ಸಿಗುವ ತನಕ ತಲೆಯ ಕಡೆ ಒಂದು ಚೀಲ ಸಿಮೆಂಟೂ ಕಲಸಬೇಡಿ. ಇದು ಹಟದ ಮಾತಲ್ಲ, ಮಟ್ಟದ ಲೆಕ್ಕ.

ಮೊದಲು ನೀರೆಷ್ಟು ಎಂದು ನೋಡೋಣ. ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದೆ. 1,000 ಜನರ ಊರಿಗೆ 55,000 ಲೀಟರ್ ಆಯಿತು. ಇದರಲ್ಲಿ ಮುಕ್ಕಾಲು ಪಾಲು, ಅಂದರೆ ಸುಮಾರು 40,000 ಲೀಟರ್, ಬಚ್ಚಲಿನಿಂದಲೂ ಪಾತ್ರೆ ತೊಳೆಯುವ ಕಲ್ಲಿನಿಂದಲೂ ಚರಂಡಿಗೆ ಬರುತ್ತದೆ. ಕಾಗದದ ಮೇಲೆ ಇಷ್ಟು. ನಲ್ಲಿಗೆ ತಿರುಪೇ ಇಲ್ಲದ ಬೀದಿಗಳಲ್ಲಿ ನಿಮಿಷಕ್ಕೆ 10 ಲೀಟರ್ ಸುರಿಯುವ ಒಂದು ನಲ್ಲಿ ಒಂದು ಗಂಟೆಗೆ 600 ಲೀಟರ್ ಚರಂಡಿಗೆ ಕಳಿಸುತ್ತದೆ. ಆದ್ದರಿಂದ ಲೆಕ್ಕವನ್ನು ನಂಬದೆ ಅಳೆಯಬೇಕು. ಅಳೆಯಲು ದುಡ್ಡೂ ಬೇಡ. ಚರಂಡಿಯ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಮೊಬೈಲಿನಲ್ಲಿ ನೋಡಿ. ಬಕೆಟ್ ಹಿಡಿಯಲು ಬೀಳು ಇಲ್ಲದಿದ್ದರೆ ಮಣ್ಣಿನ ಒಡ್ಡು ಹಾಕಿ ಒಂದು ಪೈಪಿನ ತುಂಡು ಇಟ್ಟರೆ ಆಯಿತು. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಇನ್ನೊಂದು ಸಲ ರಾತ್ರಿ ಎರಡು ಮೂರು ಗಂಟೆಗೆ.

ಆ ರಾತ್ರಿಯ ಅಳತೆಯೇ ಮುಖ್ಯ, ಅದನ್ನೇ ಯಾರೂ ಮಾಡುವುದಿಲ್ಲ. ಊರೆಲ್ಲ ಮಲಗಿದ ಹೊತ್ತಿನಲ್ಲಿ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಬಚ್ಚಲು ನೀರಲ್ಲ. ಒಂದೋ ಕುಡಿಯುವ ನೀರಿನ ಪೈಪ್ ಎಲ್ಲೋ ಸೋರುತ್ತಿದೆ, ಇಲ್ಲವೇ ನಾಲೆಯ ಬಸಿನೀರು ಚರಂಡಿ ಗೋಡೆಯ ಬಿರುಕಿನಿಂದ ಒಳಗೆ ಬರುತ್ತಿದೆ. ಸೆಕೆಂಡಿಗೆ ಅರ್ಧ ಲೀಟರ್ ಎಂದರೆ ಕಣ್ಣಿಗೆ ಏನೂ ಅಲ್ಲ. ದಿನಕ್ಕೆ ಅದು 43,200 ಲೀಟರ್, ಇಡೀ ಊರಿನ ಬಚ್ಚಲು ನೀರಿನಷ್ಟು! ಇದನ್ನು ಪತ್ತೆ ಮಾಡದೆ ಕೊಳ ಕಟ್ಟಿದರೆ ಬೇಕಾದ್ದಕ್ಕಿಂತ ಎರಡರಷ್ಟು ದೊಡ್ಡ ಕೊಳ ಕಟ್ಟಬೇಕಾಗುತ್ತದೆ. ಪೈಪ್ ಸೋರಿಕೆಯೋ ಬಸಿನೀರೋ ಎಂದು ತಿಳಿಯಲು ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಒಂದು ರಾತ್ರಿ ಪೂರ್ತಿ ಮುಚ್ಚಿಸಿ ನೋಡಿ. ಹರಿವು ನಿಂತರೆ ಪೈಪು, ನಿಲ್ಲದಿದ್ದರೆ ನಾಲೆ. ಮನೆ ನಲ್ಲಿಯ ಪೈಪುಗಳನ್ನು ಚರಂಡಿಯ ಒಳಗಿಂದಲೇ ಹಾಯಿಸಿರುವ ಬೀದಿಗಳಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿ ಕೆಲವು ಕಡೆ ನೀರು ಬಿಡುವುದು ದಿನದಲ್ಲಿ ಒಂದೆರಡು ಗಂಟೆ. ಉಳಿದ ಹೊತ್ತು ಪೈಪಿನಲ್ಲಿ ಒತ್ತಡವಿಲ್ಲದೆ ಸೋರುವ ಜಾಯಿಂಟ್ ಚರಂಡಿ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲ ಕೊಡಕ್ಕೆ ಬರುವುದು ಅದು.

ಇಂಗುಗುಂಡಿಯ ವಿಚಾರಕ್ಕೆ ಬರೋಣ. ಮನೆಗೊಂದು ಬಚ್ಚಲು ಗುಂಡಿ ಎಂಬುದು ಒಳ್ಳೆಯ ಕಾರ್ಯಕ್ರಮ, ಭೂಮಿ ಒಪ್ಪುವ ಕಡೆ. ಐದು ಜನರ ಮನೆಗೆ ಉದ್ದ, ಅಗಲ, ಆಳ ತಲಾ ಒಂದು ಮೀಟರಿನ ಗುಂಡಿ, ಒಳಗೆ ದಪ್ಪ ಕಲ್ಲು. ನಾಗಮಂಗಲದ ಕೆಂಪು ಮಣ್ಣಿನಲ್ಲಿ ಇದು ಸಲೀಸಾಗಿ ಇಂಗಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ನಾಲೆಗೆ ನೀರು ಬಿಟ್ಟು ಭತ್ತದ ಗದ್ದೆ ತುಂಬಿದ ಮೇಲೆ, ತಗ್ಗಿನ ಊರುಗಳಲ್ಲಿ ಅಂತರ್ಜಲ ನೆಲಕ್ಕೆ ಒಂದೆರಡು ಮೀಟರ್ ಸಮೀಪ ಬರುತ್ತದೆ. ಅಲ್ಲಿ ಗುಂಡಿಗೆ ನೀರು ಬರುವುದು ತಳದಿಂದ. ಏಪ್ರಿಲ್‌ನಲ್ಲಿ ತೋಡಿ ಫೋಟೊ ತೆಗೆದು ಬಿಲ್ ಮಾಡಿದ ಗುಂಡಿಯನ್ನು ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಬಾಯಿಮಟ್ಟ ತುಂಬಿ ಸೊಳ್ಳೆ ಸಾಕುತ್ತಿರುತ್ತದೆ.

ಪರೀಕ್ಷೆ ಸುಲಭ. ನಾಲೆ ಹರಿಯುವಾಗಲೇ ಒಂದೂವರೆ ಮೀಟರ್ ಗುಂಡಿ ತೆಗೆದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಳದಲ್ಲಿ ನೀರು ಕಂಡರೆ ಆ ಬೀದಿಗೆ ಇಂಗುಗುಂಡಿ ಬೇಡ. ಒಣಗಿದ್ದರೆ ಮುಂದಿನ ಹಂತ: ಒಂದು ಅಡಿ ಚೌಕದ ಸಣ್ಣ ಗುಂಡಿಗೆ ನೀರು ತುಂಬಿ ರಾತ್ರಿ ನೆನೆಯಲು ಬಿಟ್ಟು, ಮರುದಿನ ಮತ್ತೆ ಸ್ವಲ್ಪ ನೀರು ಹಾಕಿ, 2.5 ಸೆಂ.ಮೀ. ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಸರಿ. 30ರಿಂದ 60 ನಿಮಿಷ ಹಿಡಿದರೆ ಗುಂಡಿ ಸಾಲದು, ಹಿತ್ತಲಲ್ಲಿ ಉದ್ದನೆಯ ಇಂಗು ಕಾಲುವೆ ತೆಗೆಯಬೇಕು. 60 ನಿಮಿಷ ಮೀರಿದರೆ ಆ ಮಣ್ಣು ನೀರು ಕುಡಿಯುವುದಿಲ್ಲ. ಒಣ ನೆಲದಲ್ಲೂ ಗುಂಡಿ ಎರಡೇ ವರ್ಷಕ್ಕೆ ಕಟ್ಟಿಕೊಳ್ಳುವುದು ಮುಸುರೆಯಿಂದ. ಅನ್ನದ ಅಗಳು, ಮುದ್ದೆ ಪಾತ್ರೆಯ ಅಂಟು, ಎಣ್ಣೆ ಜಿಡ್ಡು ಕಲ್ಲಿನ ಸಂದಿಗೆ ಪದರವಾಗಿ ಕೂರುತ್ತದೆ. ಗುಂಡಿಗೆ ಮೊದಲು ಒಂದು ಅಡಿ ಚೌಕದ ಜಿಡ್ಡು ತೊಟ್ಟಿ ಇಟ್ಟು ವಾರಕ್ಕೊಮ್ಮೆ ತೆಗೆದರೆ ಸಾಕು. ಹಸು ಎಮ್ಮೆ ಇದ್ದ ಮನೆಗಳಲ್ಲಿ ಕಲಗಚ್ಚು ಬಾನಿಗೆ ಹೋಗುತ್ತಿದ್ದ ಕಾಲಕ್ಕೆ ಈ ತೊಂದರೆಯೇ ಇರಲಿಲ್ಲ ಅನ್ನಿ.

ಇಂಗುಗುಂಡಿ ನಡೆಯದ ಊರಿಗೆ ಚರಂಡಿ ಬೇಕೇ ಬೇಕು. ಎಂಥ ಚರಂಡಿ? ನೀರು ಕಸವನ್ನು ತಾನೇ ತಳ್ಳಿಕೊಂಡು ಹೋಗಬೇಕಾದರೆ ಸುಮಾರು 200ಕ್ಕೆ 1ರ ಇಳಿಜಾರು ಬೇಕು. ಅಂದರೆ 100 ಮೀಟರಿಗೆ ಅರ್ಧ ಮೀಟರ್, 400 ಮೀಟರ್ ಬೀದಿಗೆ 2 ಮೀಟರ್. ನಾಲಾ ಬಯಲಿನ ಊರುಗಳಲ್ಲಿ ಈ ತುದಿಯಿಂದ ಆ ತುದಿಗೆ ಅಷ್ಟು ಇಳಿತ ಇರುವುದು ಅಪರೂಪ. ಚರಂಡಿಯನ್ನೇ ಆಳ ಮಾಡುತ್ತ ಹೋದರೆ ಬಾಲ ಗದ್ದೆಯ ಮಟ್ಟಕ್ಕಿಂತ ಕೆಳಗೆ ಬಿದ್ದು ಗದ್ದೆ ನೀರೇ ಊರೊಳಗೆ ಬರುತ್ತದೆ. ಮಟ್ಟವನ್ನು ಬಾಲದಲ್ಲಿ ಕಟ್ಟಿ ಮೇಲಕ್ಕೆ ಎಳೆದುಕೊಂಡು ಬರಬೇಕು ಎನ್ನುವುದು ಇದಕ್ಕೇ. ವರ್ಷಕ್ಕೊಂದು ಬೀದಿಯಂತೆ ಮೇಲಿನಿಂದ ಕಟ್ಟುತ್ತ ಬಂದವರಿಗೆ ಐದನೇ ವರ್ಷ ಕೊನೆಯ ಬೀದಿಯಲ್ಲಿ ಇಳಿತವೇ ಉಳಿದಿರುವುದಿಲ್ಲ. ಬಯಲು ಊರಿಗೆ ಒಂದೇ ದೊಡ್ಡ ಬಾಲಕ್ಕಿಂತ ಎರಡು ಮೂರು ಸಣ್ಣ ಬಾಲಗಳೇ ಮೇಲು. ಗಾರೆಯವರ ಹತ್ತಿರ ಇರುವ ನೀರು ತುಂಬಿದ ಪಾರದರ್ಶಕ ಪೈಪು ಈ ಕೆಲಸಕ್ಕೆ ಸಾಕು. 15 ಮೀಟರಿಗೊಂದು ಗೂಟ ಹೊಡೆದು ಒಂದು ಬೆಳಗಿನಲ್ಲಿ 400 ಮೀಟರ್ ಮಟ್ಟ ತೆಗೆಯಬಹುದು. ಪೈಪಿನೊಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡರೆ ಆಯಿತು. ಒಂದು ಗುಳ್ಳೆ ಉಳಿದರೂ ಅಂಕಿ ಸುಳ್ಳಾಗುತ್ತದೆ.

ತಳದ ಆಕಾರಕ್ಕೂ ಗಮನ ಕೊಡಬೇಕು. ಒಂದೂವರೆ ಅಡಿ ಅಗಲದ ಚಪ್ಪಟೆ ತಳದ ಬಾಕ್ಸ್ ಚರಂಡಿ ಮಳೆ ನೀರಿಗೆ ಸರಿ. ವರ್ಷದ ಮುಕ್ಕಾಲು ದಿನ ಅದರಲ್ಲಿ ಹರಿಯುವುದು ಸೆಕೆಂಡಿಗೆ ಒಂದೂವರೆ ಲೀಟರೂ ಇಲ್ಲದ ಬಚ್ಚಲು ನೀರು. ಅಷ್ಟು ಅಗಲದಲ್ಲಿ ಅದು ತೆಳ್ಳಗೆ ಹರಡಿ ವೇಗ ಕಳೆದುಕೊಂಡು ಮಣ್ಣು ಇಳಿಸುತ್ತದೆ. ತಳದ ನಡುವೆ ಆರು ಇಂಚಿನ ಅರ್ಧ ಪೈಪಿನಂಥ ತೋಡು ಬಿಟ್ಟು ಎರಡೂ ಕಡೆ ಒಳಮುಖ ಇಳಿಜಾರು ಕೊಟ್ಟು ಗಾರೆ ಮಾಡಿದರೆ ಅದೇ ನೀರು ಒಟ್ಟಾಗಿ ಓಡುತ್ತದೆ. ಸಿಮೆಂಟು ಹೆಚ್ಚೇನೂ ಹಿಡಿಯುವುದಿಲ್ಲ. ಎಸ್ಟಿಮೇಟಿನ ನಕ್ಷೆಯಲ್ಲಿ ಒಂದು ಗೆರೆ ಬದಲಾಗಬೇಕು, ಅಷ್ಟೇ.

ಇನ್ನು ಬಾಲ. ದಿನಕ್ಕೆ 40,000 ಲೀಟರ್ ಎಂದರೆ 40 ಘನ ಮೀಟರ್. ಕೊಳದಲ್ಲಿ ಆರು ದಿನ ನಿಲ್ಲಬೇಕೆಂದರೆ 240 ಘನ ಮೀಟರ್. 1.2 ಮೀಟರ್ ಆಳಕ್ಕೆ 200 ಚದರ ಮೀಟರ್, ಅಂದರೆ 2 ಗುಂಟೆ. ಬದು, ಓಡಾಡುವ ದಾರಿ, ಜೊಂಡಿನ ಪಾತಿ ಎಲ್ಲ ಸೇರಿ 5 ಗುಂಟೆ ಬೇಕು. ಮೊದಲು ಓರೆಯಾಗಿ ನಿಲ್ಲಿಸಿದ ಕಂಬಿ ಜಾಲರಿ, ಸಂದು ಒಂದು ಇಂಚು. ಓರೆ ಇದ್ದರೆ ಮಾತ್ರ ಸಲಿಕೆಯಲ್ಲಿ ಕಸ ಎಳೆಯಲು ಬರುತ್ತದೆ. ಆಮೇಲೆ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ ಹೂಳು ತೊಟ್ಟಿ, ಜೋಡಿಯಾಗಿ, ಒಂದನ್ನು ಬಳಿಯುವಾಗ ಇನ್ನೊಂದರಲ್ಲಿ ನೀರು ಹರಿಯುವಂತೆ. ಆಮೇಲೆ ಕೊಳ, ಕೊಳ ದಾಟಿ ಜಲ್ಲಿಯ ಮೇಲೆ ಜೊಂಡು ಬೆಳೆಸಿದ ಪಾತಿ. ನೀರು ಒಳಬರುವ ಮೂಲೆಗೆ ಎದುರು ಮೂಲೆಯಲ್ಲಿ ಹೊರದಾರಿ ಇರಲಿ. ಎರಡೂ ಒಂದೇ ದಂಡೆಯಲ್ಲಿದ್ದರೆ ಆರು ದಿನ ನಿಲ್ಲಬೇಕಾದ ನೀರು ಅರ್ಧ ದಿನದಲ್ಲಿ ಹೊರಗೆ ಹೋಗುತ್ತದೆ. ಅಂತರ್ಜಲ ಮೇಲಿರುವ ಕಡೆ ಕೊಳವನ್ನು ತೋಡದೆ ಬದು ಎತ್ತರಿಸಿ ಕಟ್ಟಬೇಕು. ಆಗ ಚರಂಡಿಯ ಬಾಯಿ ಕೊಳದ ನೀರಿಗಿಂತ ಮೇಲೆ ಇರಬೇಕಾಗುತ್ತದೆ, ಮತ್ತೆ ಅದೇ ಮಟ್ಟದ ಪ್ರಶ್ನೆ. ಸೊಳ್ಳೆಗೆ ಔಷಧಿಗಿಂತ ದಂಡೆಯ ಹುಲ್ಲು ಸವರುವುದು, ಅಂತರಗಂಗೆ ಹಬ್ಬಲು ಬಿಡದಿರುವುದು, ಗಪ್ಪಿ ಮೀನು ಬಿಡುವುದು ಒಳ್ಳೆಯದು.

ಹೀಗೆ ಕಟ್ಟಿದ ಕೊಳವೂ ಮೊದಲ ಜೋರು ಮಳೆಗೆ ಹಾಳಾಗುವುದುಂಟು. ಒಂದು ಎಕರೆ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ 40,000 ಲೀಟರ್. ನಮ್ಮಲ್ಲಿ ವರ್ಷದ ಮಳೆ 700 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿದುಬಿಡುತ್ತದೆ. 10 ಎಕರೆ ಊರಿನ ಮೇಲೆ 5 ಸೆಂ.ಮೀ. ಹೊಡೆದು ಅರ್ಧ ಹರಿದು ಬಂದರೂ 10 ಲಕ್ಷ ಲೀಟರ್. 240 ಘನ ಮೀಟರಿನ ಕೊಳ ಹೂಳು ಸಮೇತ ತೊಳೆದು ಹೋಗುತ್ತದೆ. ಆದ್ದರಿಂದ ಕೊಳಕ್ಕೆ ಹೋಗುವ ದಾರಿ ಆರು ಇಂಚಿನ ಪೈಪ್ ಮಾತ್ರ ಇರಲಿ. ಅದರ ಹಿಂದೆಯೇ ಚರಂಡಿಯ ಒಂದು ಪಕ್ಕದ ಗೋಡೆಯನ್ನು ತಗ್ಗಿಸಿ, ದಿನದ ಹರಿವಿಗಿಂತ ಅರ್ಧ ಅಡಿ ಮೇಲೆ ಕೋಡಿ ಬಿಟ್ಟರೆ, ಮಳೆ ನೀರು ಅದನ್ನು ಹಾರಿ ಹಳೆ ಹಳ್ಳಕ್ಕೆ ಹೋಗುತ್ತದೆ. ಇಡೀ ಕಾಮಗಾರಿಯಲ್ಲಿ ಅತಿ ಅಗ್ಗದ ಭಾಗ ಇದು, ಎಸ್ಟಿಮೇಟಿನಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಜಾಗ ಎಲ್ಲಿ? ಗ್ರಾಮ ನಕ್ಷೆ ಹಿಡಿದು, ದಿಶಾಂಕ್ ಆ್ಯಪ್ ತೆರೆದು, ಬಾಲದ ಸುತ್ತ ನಡೆದರೆ ಸರ್ವೆ ನಂಬರ್, ಖರಾಬು, ಹಳ್ಳ ಗೊತ್ತಾಗುತ್ತವೆ. ಆ್ಯಪ್ ಕೆಲವು ಮೀಟರ್ ಆಚೀಚೆ ತೋರಿಸಬಹುದು. ಅದನ್ನೇ ಆಧಾರ ಮಾಡಿಕೊಂಡು ಜೆಸಿಬಿ ಇಳಿಸಬಾರದು, ಸರ್ವೆಯವರಿಂದ ಹದ್ದುಬಸ್ತು ಆಗಬೇಕು. ಕೆರೆಯಂಗಳದಲ್ಲಿ ಕೊಳ ಕಟ್ಟುವ ಯೋಚನೆ ಬೇಡವೇ ಬೇಡ. ಕೆಳಗಿನ ಗದ್ದೆಯವರ ಒಪ್ಪಿಗೆ ಬಾಯಿಮಾತಿನಲ್ಲಿ ಮುಗಿಯಬಾರದು. ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡುವಾಗ ಕೊಳದ ನೀರು ನೇಪಿಯರ್ ಹುಲ್ಲಿಗೋ ಬಾಳೆಗೋ ಬೇಕು ಎನ್ನುವವರೇ ಮಳೆಗಾಲದಲ್ಲಿ ಬೇಡ ಎನ್ನುತ್ತಾರೆ, ಅದು ನ್ಯಾಯವೂ ಹೌದು. ಎರಡೂ ಕಾಲಕ್ಕೆ ನೀರು ಯಾವ ದಾರಿ ಹಿಡಿಯಬೇಕು ಎಂದು ಬರೆದು ಗ್ರಾಮ ಸಭೆಯ ನಡಾವಳಿಗೆ ಸೇರಿಸಬೇಕು. ಸೊಪ್ಪು ತರಕಾರಿಗೆ ಈ ನೀರು ಹಾಯಿಸಬಾರದು ಎಂಬ ಷರತ್ತೂ ಅದರಲ್ಲಿರಲಿ.

ಇಷ್ಟೆಲ್ಲ ಲೆಕ್ಕ ಬಚ್ಚಲು ನೀರಿಗೆ. ಶೌಚಾಲಯದ ಗುಂಡಿಯಿಂದ ಪಕ್ಕದ ಚರಂಡಿಗೆ ಪೈಪ್ ಬಿಟ್ಟುಕೊಂಡ ಮನೆಗಳಿದ್ದರೆ ಲೆಕ್ಕವೇ ಬೇರೆ. ಹಾಗೆ ಬಿಡುವವರನ್ನು ಬೈದರೆ ಪ್ರಯೋಜನವಿಲ್ಲ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ಕನಿಷ್ಠ 2 ಮೀಟರ್ ಅಂತರ ಇರಬೇಕಾದ ಕಡೆ ಆಳ ಗುಂಡಿ ತೋಡಿಸಿದ್ದು ಶೌಚಾಲಯ ಯೋಜನೆಯೇ. ಅಂಥಲ್ಲಿ ಕಡಿಮೆ ಆಳದ, ನೆಲದಿಂದ ಎತ್ತರಿಸಿದ ಜೋಡಿ ಗುಂಡಿ, ಸುತ್ತ ಅರ್ಧ ಮೀಟರ್ ಮರಳಿನ ಹೊದಿಕೆ ಬೇಕು. ಆ ಮನೆಗಳ ಪಟ್ಟಿ ಮಾಡಿ ಮೊದಲು ಅದನ್ನು ಸರಿಪಡಿಸದೆ ಹೂಳು ತೊಟ್ಟಿಗೆ ಯಾರನ್ನೂ ಇಳಿಸಬಾರದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಹಳ್ಳಿಗೂ ಅನ್ವಯಿಸುತ್ತದೆ.

ದುಡ್ಡಿನ ಮಾತು ಚಿಕ್ಕದು. ಸ್ವಚ್ಛ ಭಾರತ ಗ್ರಾಮೀಣ ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000ದವರೆಗಿನ ಜನಸಂಖ್ಯೆಯ ಊರಿಗೆ ಬೂದು ನೀರಿನ, ಅಂದರೆ ಈ ಬಚ್ಚಲು ನೀರಿನ, ನಿರ್ವಹಣೆಗೆ ತಲೆಗೆ ₹280ರವರೆಗೆ ಇಟ್ಟಿದ್ದಾರೆ. 1,000 ಜನಕ್ಕೆ ₹2.8 ಲಕ್ಷ, ಅದರಲ್ಲಿ ಶೇ 30 ಹಣಕಾಸು ಆಯೋಗದ ಅನುದಾನದಿಂದ. 15ನೇ ಹಣಕಾಸು ಆಯೋಗವಂತೂ ಪಂಚಾಯಿತಿ ಅನುದಾನದಲ್ಲಿ ಶೇ 30 ನೈರ್ಮಲ್ಯಕ್ಕೆ, ಶೇ 30 ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ ಎಂದು ಕಟ್ಟಿಹಾಕಿಯೇ ಕೊಟ್ಟಿತು. ಕಟ್ಟುವ ಹಣಕ್ಕಿಂತ ನಡೆಸುವ ಹಣವೇ ಕಷ್ಟ. ಹೂಳು ತೊಟ್ಟಿಗೆ ವಾರಕ್ಕೆ ಒಬ್ಬರ ಅರ್ಧ ದಿನ, ವರ್ಷಕ್ಕೆ 26 ಆಳು. ಜೊಂಡು ಕೊಯ್ಯಲು ವರ್ಷಕ್ಕೆರಡು ಸಲ ಆಳು. ಈ ಕೂಲಿ ಯಾವ ಲೆಕ್ಕಶೀರ್ಷಿಕೆಯಿಂದ, ಕೆಲಸ ಯಾರ ಹೆಸರಿಗೆ ಎಂಬುದು ಅದೇ ನಡಾವಳಿಯಲ್ಲಿ ಇಲ್ಲದಿದ್ದರೆ ಎರಡನೇ ಮಳೆಗಾಲದ ಹೊತ್ತಿಗೆ ಕೊಳ ತಿಪ್ಪೆಗುಂಡಿಯಾಗುತ್ತದೆ.

ಇದೆಲ್ಲ ತೀರ್ಮಾನವಾಗಬೇಕಾದ್ದು ವಾರ್ಡ್ ಸಭೆಯಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಯಲ್ಲಿ ಕರೆದರೆ ನಾಟಿಗೆ, ಕಬ್ಬು ಕಡಿಯಲು ಹೋದವರು ಬರುವುದಿಲ್ಲ. ಸಂಜೆ ಆರರ ಮೇಲೆ ಊರೊಳಗೇ ಕರೆಯಿರಿ. ಅರಳಿಕಟ್ಟೆ ಮುಂದೆ ಸುಣ್ಣದ ಪುಡಿಯಲ್ಲಿ ಬೀದಿಗಳನ್ನು ಬರೆದು, ಚರಂಡಿಗೆ ಒಂದು ಬಣ್ಣ, ನೀರು ನಿಲ್ಲುವ ಕಡೆಗೆ ಇನ್ನೊಂದು ಬಣ್ಣದ ರಂಗೋಲಿ ಹಾಕಿಸಿ. ದಿನಾ ಮನೆ ಮುಂದಿನ ಚರಂಡಿ ಕೆದಕುವ ಹೆಂಗಸರ ಕೈಗೆ ಪುಡಿ ಕೊಟ್ಟರೆ ಎಂಜಿನಿಯರ್ ನಕ್ಷೆಯಲ್ಲಿಲ್ಲದ ನಾಲ್ಕು ಜಾಗ ಹೊರಬೀಳುತ್ತವೆ. ಅದರ ಫೋಟೊ, ಬಕೆಟ್ ಅಳತೆ, ಮಟ್ಟದ ಅಂಕಿ ಮೂರನ್ನೂ ನಡಾವಳಿಗೆ ಲಗತ್ತಿಸಿ.

ನಾಗಮಂಗಲ, ಕೆ.ಆರ್. ಪೇಟೆಯ ಒಣ ಭಾಗಕ್ಕೆ ಈ ಪಟ್ಟಿ ಹೊಂದುವುದಿಲ್ಲ. ಅಲ್ಲಿ ಇಂಗುಗುಂಡಿ ಸಾಕು, ಚರಂಡಿಯ ದುಡ್ಡು ಕೆರೆಗೆ ಹೋಗಲಿ. ಕೆರೆಯಲ್ಲೂ ತುದಿಯಿಂದಲೇ ಶುರು: ಹೂಳು ಎತ್ತುವ ಮೊದಲು ನೀರು ಬರುವ ಹಳ್ಳ, ಹೋಗುವ ಕೋಡಿ ಸರಿ ಇವೆಯೇ ನೋಡಬೇಕು. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ಎಂದರೆ ಸುಮಾರು 1,230 ಘನ ಮೀಟರ್, ನಾನೂರು ಟ್ರ್ಯಾಕ್ಟರ್ ಲೋಡಿಗೂ ಮೇಲೆ. ಅಷ್ಟು ಮಣ್ಣು ಯಾರ ಹೊಲಕ್ಕೆ ಎಂದು ಮೊದಲೇ ಬರೆದುಕೊಳ್ಳದಿದ್ದರೆ ಅದು ಏರಿ ಪಕ್ಕದಲ್ಲೇ ಬಿದ್ದು ಮುಂದಿನ ಮಳೆಗೆ ಕೆರೆಗೇ ಮರಳುತ್ತದೆ. ಏರಿಯ ಬುಡಕ್ಕೆ ಹತ್ತಿರ ಅಗೆಯಲು ಬಿಡಬಾರದು. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ನೀರು ಗದ್ದೆಗೆ ಹರಿಯುವುದಿಲ್ಲ ಎಂಬುದೂ ಅಚ್ಚುಕಟ್ಟಿನವರಿಗೆ ಮುಂಚೆಯೇ ತಿಳಿದಿರಲಿ.

ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಒಂದೇ. ಕ್ರಿಯಾ ಯೋಜನೆಯ ನಮೂನೆಯಲ್ಲಿ ‘ಎಲ್ಲಿಂದ’, ‘ಎಲ್ಲಿವರೆಗೆ’ ಆದ ಮೇಲೆ ‘ಅಲ್ಲಿಂದ ಮುಂದೆ ಎಲ್ಲಿಗೆ’ ಎಂಬ ಕಲಂ ಸೇರಿಸಿ. ಅದರಲ್ಲಿ ಸರ್ವೆ ನಂಬರ್, ಬಾಲದ ಮಟ್ಟ, ಅಕ್ಟೋಬರ್‌ನ ಅಂತರ್ಜಲದ ಆಳ ಬರೆಯದ ಚರಂಡಿಗೆ ತಾಂತ್ರಿಕ ಮಂಜೂರಾತಿ ಕೊಡಬೇಡಿ. ಈಗಾಗಲೇ ಮಂಜೂರಾಗಿ ಕೆಲಸ ಶುರುವಾಗದ ಚರಂಡಿಗಳಿಗೂ ಇದನ್ನೇ ಅನ್ವಯಿಸಿ, ಎಸ್ಟಿಮೇಟ್ ತಿದ್ದಿಸಬಹುದು.

ಇತಿ,
ಗ್ರಾಮೀಣ ನೀರು ಮತ್ತು ನೈರ್ಮಲ್ಯ ಕಾಮಗಾರಿಗಳಲ್ಲಿ ಕೆಲಸ ಮಾಡುವ ಕೆಲವು ಓದುಗರು,
ಮದ್ದೂರು, ಮಂಡ್ಯ ಜಿಲ್ಲೆ